ಕೊಪ್ಪಳ ಪರಿಸರದ ಕಥಾಚಿತ್ರ ಪರಂಪರೆ: ಚಿತ್ರಕಾರ ಮತ್ತು ಕಥನಕಾರರ ಸಹಯೋಗ

೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳವು ಆರಂಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡಿತ್ತು. ಈ ಪ್ರದೇಶದ ಇತಿಹಾಸಕಾರರು ಗವಿಮಠ ಮತ್ತು ಪಾಲ್ಕಿಗುಂಡುವಿನ ಅಶೋಕನ ಶಾಸನಗಳಿಗೂ ೧೧೧೨ರ ಇಟಗಿಯ ಮಹಾದೇವ ದೇವಾಲಯಕ್ಕೂ ಸಹಜವಾಗಿಯೇ ಹೆಚ್ಚಿನ ಗಮನ ನೀಡಿದ್ದಾರೆ. ಹಿರೇಬೆಣಕಲ್ಲಿನ ಗವಿಚಿತ್ರಗಳು, ಕಿನ್ನಾಳದ ಚಿತ್ರಗಾರರ ಕೆಲಸ ಹಾಗೂ ಶಿಳ್ಳೇಕ್ಯಾತರ ತೊಗಲುಗೊಂಬೆಯಾಟಗಳಿಂದ ಇದೇ ನೆಲದಲ್ಲಿ ದೀರ್ಘವಾದ ಚಿತ್ರಪರಂಪರೆಯೊಂದು ಬೆಳೆದುಬಂದಿದೆ. ಚಿತ್ರ ಬರೆಯುವವನೂ ಕಥೆ ಹೇಳುವವನೂ ಕೂಡಿ ಅದ್ಭುತಕಥೆಯೊಂದನ್ನು ಕಟ್ಟುವ ಬಗೆಯನ್ನು ತೊಗಲುಗೊಂಬೆಯಾಟದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೋಲಿಕೆಗಾಗಿ ಮೊದಲು ಮುದ್ರಿತ ಚಿತ್ರಕಥೆಯನ್ನು ನೋಡಬಹುದು. ಕಾರ್ಕಳದಲ್ಲಿ ಜನಿಸಿದ ಅನಂತ ಪೈ (೧೯೨೯-೨೦೧೧) ಅವರು ರೂಪಿಸಿದ ‘ಅಮರ ಚಿತ್ರ ಕಥೆ’ ೧೯೬೭ರಲ್ಲಿ ಆರಂಭವಾಯಿತು. ಆ ಮಾಲಿಕೆಯ ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಕಿನ್ನರಕಥೆಗಳಾಗಿದ್ದವು. ಹನ್ನೊಂದನೆಯದಾದ ‘ಕೃಷ್ಣ’ ಕೃತಿಯನ್ನು ಪೈ ಅವರು ಬರೆದರು, ರಾಮ್ ವಾಯೀರ್ಕರ್ ಚಿತ್ರಿಸಿದರು. ಇಂಥ ಸಹಯೋಗದಲ್ಲಿ ಸಾಮಾನ್ಯವಾಗಿ ಬರಹ ಮೊದಲು, ಚಿತ್ರ ಆನಂತರ. ಅಚ್ಚಾದ ಬಳಿಕ ಎರಡೂ ಸ್ಥಿರವಾಗುತ್ತವೆ.

ತೊಗಲುಗೊಂಬೆಯಾಟದಲ್ಲಿ ಈ ಕ್ರಮವು ತಿರುಗುಮುರುಗಾಗಿದೆ. ಹದಮಾಡಿ ಬೆಳಕು ಹಾಯುವಷ್ಟು ತೆಳುವಾಗಿಸಿದ ಆಡಿನ ಚರ್ಮದ ಮೇಲೆ ರೇಖೆಗಳನ್ನೆಳೆದು, ಒಡವೆ-ವಸ್ತ್ರಗಳ ವಿವರ ಮೂಡುವಂತೆ ರಂಧ್ರಗಳನ್ನು ಕೊರೆದು, ಬಣ್ಣ ತುಂಬಿ ಗೊಂಬೆಯನ್ನು ಸಿದ್ಧಪಡಿಸಲಾಗುತ್ತದೆ. ಕರ್ನಾಟಕದ ಗೊಂಬೆಗಳಲ್ಲಿ ಕೈಕಾಲು ಆಡುವ ಬಿಡಿ ಪಾತ್ರಗಳ ಜೊತೆಗೆ, ಒಂದೇ ಚರ್ಮದ ಮೇಲೆ ಹಲವು ಪಾತ್ರಗಳಿರುವ ದೃಶ್ಯಗೊಂಬೆಗಳೂ ಇರುವುದು ಗಮನಾರ್ಹ. ರಾಮಪಟ್ಟಾಭಿಷೇಕದಂಥ ಇಡೀ ಸನ್ನಿವೇಶವೇ ಹೀಗೆ ಒಂದು ಚೌಕಟ್ಟಿನೊಳಗೆ ಅಡಗುತ್ತದೆ. ಇದು ಚಿತ್ರಕಥೆಯ ಒಂದು ಮನೆಗೆ ಸಮಾನವಾದುದು. ಆದರೆ ಈ ಚಿತ್ರವನ್ನು ಕೊರೆದವನು ಆಡಿಸುವವನ ಅಜ್ಜನೋ ಮುತ್ತಜ್ಜನೋ ಆಗಿರಬಹುದು. ಚಿತ್ರ ತಲೆಮಾರುಗಳಿಂದ ಸ್ಥಿರವಾಗಿದ್ದು, ಮಾತು ಪ್ರತಿ ರಾತ್ರಿಯೂ ಹೊಸದಾಗಿ ಹುಟ್ಟುತ್ತದೆ. ಇಲ್ಲಿನ ಸಹಯೋಗ ಗತಿಸಿದ ಚಿತ್ರಕಾರ ಮತ್ತು ಜೀವಂತ ಕಥನಕಾರರ ನಡುವಿನದು.

ಮೈರಾವಣ ಕಾಳಗದ ಪ್ರಸಂಗವು ಇದಕ್ಕೆ ಉತ್ತಮ ನಿದರ್ಶನ. ವಾಲ್ಮೀಕಿ ರಾಮಾಯಣದಲ್ಲಿಲ್ಲದ, ಆದರೆ ಜನಪದರಿಗೆ ಅಚ್ಚುಮೆಚ್ಚಿನ ಈ ಕಥೆಯಲ್ಲಿ ಮೈರಾವಣನು ರಾಮಲಕ್ಷ್ಮಣರನ್ನು ಪಾತಾಳಕ್ಕೆ ಒಯ್ಯುತ್ತಾನೆ. ಹನುಮಂತನು ಅಲ್ಲಿಗಿಳಿದು, ದುಂಬಿಗಳಲ್ಲಿ ಅಡಗಿಸಿಟ್ಟ ರಕ್ಕಸನ ಪ್ರಾಣವನ್ನು ಹುಡುಕಿ ಅವನನ್ನು ಕೊಲ್ಲುತ್ತಾನೆ. ಪರದೆಯ ಮೇಲೆ ಕಾಣುವುದು ಎರಡು ಮೂರು ಗೊಂಬೆಗಳು ಮಾತ್ರ. ಪಾತಾಳದ ಆಳ, ಕತ್ತಲೆ, ದುಂಬಿಯ ಗುಂಗಾರ ಇವೆಲ್ಲವನ್ನೂ ಮಾತು, ಹಾಡು ಮತ್ತು ವಾದ್ಯಗಳೇ ಕಟ್ಟಿಕೊಡಬೇಕು. ಆನೆಗೊಂದಿಯ ಸುತ್ತಲಿನ ನೆಲವನ್ನೇ ಕಿಷ್ಕಿಂಧೆಯೆಂದು ನಂಬಿದ ಪ್ರೇಕ್ಷಕರಿಗೆ ಹನುಮಂತನು ಅಂಜನಾದ್ರಿಯ ಕಡೆಯ ತಮ್ಮವನೇ ಆಗಿರುವುದರಿಂದ ಈ ಅದ್ಭುತಕ್ಕೆ ಮತ್ತಷ್ಟು ಸಾಮೀಪ್ಯ ಒದಗುತ್ತದೆ. ನಡುನಡುವೆ ಬರುವ ಹಾಸ್ಯಪಾತ್ರಗಳಾದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಊರಿನ ಸಂಗತಿಗಳನ್ನು ಕಥೆಯೊಳಗೆ ಎಳೆತರುತ್ತಾರೆ. ಮನೆಯಲ್ಲಿ ಮರಾಠಿಯ ಉಪಭಾಷೆಯನ್ನಾಡುವ ಈ ಸಮುದಾಯವು ಪರದೆಯ ಹಿಂದೆ ಕನ್ನಡದಲ್ಲಿ ಕಥೆ ಕಟ್ಟುವುದೂ ವಿಶೇಷವೇ.

ಕಿನ್ನಾಳದ ಚಿತ್ರಗಾರರ ಪರಂಪರೆ ಇದಕ್ಕಿಂತ ಭಿನ್ನ. ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನ ಲೇಪ ಕೊಟ್ಟು, ಬಣ್ಣ ಬಳಿದು ರೂಪಿಸುವ ಅವರ ಮೂರ್ತಿಯನ್ನು ವಾಹನ, ಆಯುಧ, ವರ್ಣಗಳಿಂದಲೇ ಗುರುತಿಸಬಹುದು. ಕಥನಕಾರನ ನೆರವಿಲ್ಲದೆಯೂ ಅದು ನಿಲ್ಲಬಲ್ಲದು. ತೊಗಲುಗೊಂಬೆಗೆ, ಅದರಲ್ಲಿಯೂ ದೃಶ್ಯಗೊಂಬೆಗೆ, ಆ ಸ್ವಾತಂತ್ರ್ಯವಿಲ್ಲ.

ಸಂರಕ್ಷಣೆಯ ಪ್ರಶ್ನೆಯನ್ನು ಈ ವ್ಯತ್ಯಾಸದ ಬೆಳಕಿನಲ್ಲಿಯೇ ನೋಡಬೇಕು. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎಂ. ಎಸ್. ನಂಜುಂಡರಾವ್ ಅವರಂಥವರು ಗೊಂಬೆಗಳನ್ನು ಸಂಗ್ರಹಿಸಿ ಉಳಿಸಿದ್ದು ಮಹತ್ವದ ಕಾರ್ಯ. ಎಸ್. ಎ. ಕೃಷ್ಣಯ್ಯ ಅವರಂಥ ವಿದ್ವಾಂಸರು ಗೊಂಬೆಯಾಟಗಳ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದ್ದಾರೆ. ಆದರೆ ಗೊಂಬೆ ಸಂಗ್ರಹಾಲಯಕ್ಕೆ ಬಂದು ಮಾತು ಊರಿನಲ್ಲೇ ಉಳಿದರೆ, ಕೃತಿಯ ಅರ್ಧಭಾಗ ಮಾತ್ರ ಉಳಿದಂತೆ. ಹಾಡುವವರು ಇಲ್ಲವಾದ ಮೇಲೆ ದೃಶ್ಯಗೊಂಬೆಯೊಂದು ಯಾವ ಪ್ರಸಂಗದ ಯಾವ ಘಟ್ಟಕ್ಕೆ ಸೇರಿದುದೆಂದು ನಿರ್ಧರಿಸುವುದೇ ಕಷ್ಟ.

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು ೯೬. ಅವರ ಮನೆತನದ ಗೊಂಬೆಗಳು ೨೦೦ ವರ್ಷಗಳಿಗೂ ಹಿಂದಿನವು ಎನ್ನಲಾಗುತ್ತದೆ. ಚರ್ಮದ ಮೇಲಿನ ಚಿತ್ರ ಎರಡು ಶತಮಾನ ಬಾಳಬಲ್ಲದು. ಅದರ ಮಾತಿಗೆ ಇರುವುದು ಒಬ್ಬ ಮನುಷ್ಯನ ಆಯುಷ್ಯ ಮಾತ್ರ, ಮುಂದಿನವರು ಕಲಿಯದಿದ್ದರೆ. ಆದುದರಿಂದ ನಾಲ್ಕೂ ಮೂಲ ತಾಲ್ಲೂಕುಗಳ ವ್ಯಾಪ್ತಿಯಲ್ಲಿ ಮನೆತನವಾರು ಗೊಂಬೆಗಳ ಪಟ್ಟಿ ಸಿದ್ಧಪಡಿಸುವಾಗ, ಪ್ರತಿಯೊಂದು ಗೊಂಬೆಗೂ ಸಂಬಂಧಿಸಿದ ಕಥನ ಮತ್ತು ಹಾಡನ್ನು ಆಡಿಸುವವರ ಧ್ವನಿಯಲ್ಲಿಯೇ ದಾಖಲಿಸಬೇಕು. ಚಿತ್ರ ಮತ್ತು ಮಾತುಗಳೆರಡೂ ಒಂದೇ ಕ್ರಮಸಂಖ್ಯೆಯಡಿ ಸೇರಿದಾಗ ಮಾತ್ರ ಆ ದಾಖಲೆ ಪೂರ್ಣವಾಗುತ್ತದೆ.