ಬಿಳಿಮೀನು ಮತ್ತು ಗಾಳದ ಸಂಘ: ಮಳವಳ್ಳಿ ಸೀಮೆಯ ಕಾವೇರಿಯಲ್ಲಿ ನದಿರಕ್ಷಣೆಯ ಒಂದು ಚರಿತ್ರೆ

ಪೀಠಿಕೆ

ಮಂಡ್ಯ ಜಿಲ್ಲೆಯ ಕಾವೇರಿಯ ಚರಿತ್ರೆ ಇದುವರೆಗೆ ಬಹುಮಟ್ಟಿಗೆ ಅಣೆಕಟ್ಟೆ, ನಾಲೆ, ಗದ್ದೆ ಮತ್ತು ವಿದ್ಯುತ್ತಿನ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ನೀರೊಳಗಿನ ಜೀವಿಗಳಿಗೆ ಅದರಲ್ಲಿ ಸಿಕ್ಕ ಜಾಗ ತೀರ ಕಡಿಮೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಭೀಮೇಶ್ವರಿ, ಮುತ್ತತ್ತಿಗಳನ್ನು ಹಾದು ಮೇಕೆದಾಟಿನತ್ತ ಹರಿಯುವ ಹೊಳೆಯ ಭಾಗ ಒಂದು ಕಾಲಕ್ಕೆ ಜಗತ್ತಿನ ಗಾಳದ ಹವ್ಯಾಸಿಗಳೆಲ್ಲ ಬಲ್ಲ ತಾಣವಾಗಿತ್ತು. ಅದಕ್ಕೆ ಕಾರಣ ಮಹಶೀರ್. ಹೊಳೆಯ ದಡದವರ ಮಾತಿನಲ್ಲಿ ಬಿಳಿಮೀನು. ಈ ಮೀನನ್ನು ಕಾಯಲು 1972ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಘ ಹುಟ್ಟಿತು. ಅದರ ಕಾವಲು ನದಿಯಲ್ಲಿ ಮೀನನ್ನು ಉಳಿಸಿತು. ಉಳಿದದ್ದು ಯಾವ ಮೀನು ಎಂಬ ಪ್ರಶ್ನೆ ಮಾತ್ರ ತಡವಾಗಿ ಎದ್ದಿತು. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಗಾಳ ಹಾಕುವವರೇ ಬರೆದಿಟ್ಟ ಲೆಕ್ಕದಿಂದ. ಈ ಮೂರು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಹಿನ್ನೆಲೆ: ಅರಸರ ವಿನೋದದಿಂದ ಕಾನೂನಿನವರೆಗೆ

ಗಾಳದ ಹವ್ಯಾಸವನ್ನು ಬ್ರಿಟಿಷರು ತಂದರೆಂಬ ಮಾತು ಅರೆಸತ್ಯ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮೀನುಗಳ ಜಾತಿ, ದಾರ, ಗಾಳ, ಯಾವ ಮೀನಿಗೆ ಯಾವ ಎರೆ ಎಂಬ ವಿವರಗಳು ಅಲ್ಲಿ ಬರುತ್ತವೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಇಪ್ಪತ್ತನೆಯ ಶತಮಾನದ ನಡುವೆ ಈ ಭಾಗವನ್ನು ವಿಜ್ಞಾನದ ಕಣ್ಣಿನಿಂದ ಪರಿಶೀಲಿಸಿದರು.

ಆಧುನಿಕ ಘಟ್ಟದ ಮೊದಲ ಹೆಸರು ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್. ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಗಾಳದ ಕೈಪಿಡಿಯಾದ ಆ ಪುಸ್ತಕ ಮೀನುಗಳ ಸ್ವಭಾವವನ್ನೂ ಅಷ್ಟೇ ಆಸ್ಥೆಯಿಂದ ದಾಖಲಿಸಿತು. ಹೊಳೆಗೆ ಸಿಡಿಮದ್ದು ಎಸೆಯುವುದನ್ನೂ ವಿಷ ಬೆರೆಸುವುದನ್ನೂ ತಡೆಯುವ ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲಿ ಬಂದಿತು.

ಮೈಸೂರು ಸೀಮೆಯ ಮಹಶೀರ್ ಜಗತ್ತಿನ ಗಮನಕ್ಕೆ ಬಂದದ್ದು ಅದರ ಗಾತ್ರದಿಂದ. ಮೈಸೂರಿನ ಹೆಸರಾಂತ ಪ್ರಾಣಿಚರ್ಮ ಪ್ರಸಾಧಕರ ಮನೆತನಕ್ಕೆ ಸೇರಿದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಅದು ಇಂದಿಗೂ ದಾಖಲೆ.

ಕಟ್ಟೆಗಳ ನಡುವೆ ಸಿಕ್ಕಿದ ಹೊಳೆ

ಅಷ್ಟರಲ್ಲಿ ನದಿ ಬದಲಾಗಿತ್ತು. ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸತೊಡಗಿತು. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ಕೆಳಗೆ ತಮಿಳುನಾಡಿನಲ್ಲಿ ಮೆಟ್ಟೂರು ಅಣೆಕಟ್ಟೆ 1934ರಲ್ಲಿ ಪೂರ್ಣಗೊಂಡಿತು. ಮುಂಗಾರಿನ ಹೊಸ ನೀರಿಗೆ ಎದುರೀಜಿ ಮೊಟ್ಟೆಯಿಡಲು ಹೋಗುವ ಮಹಶೀರಿಗೆ ಮೇಲೆ ಗಗನಚುಕ್ಕಿ, ಭರಚುಕ್ಕಿ ಜಲಪಾತಗಳ ಸಹಜ ತಡೆ ಮೊದಲೇ ಇತ್ತು. ಈಗ ಕೆಳಗೂ ಕಟ್ಟೆ ಬಿದ್ದಿತು.

ಹೀಗಾಗಿ ಶಿವನಸಮುದ್ರದ ಕೆಳಗಿನ ಹೊಳೆಗೆ ಉಪನದಿಗಳು ಇನ್ನಷ್ಟು ಮುಖ್ಯವಾದವು. ಮದ್ದೂರಿನ ಪಕ್ಕ ಹರಿದು ಬಂದು ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುವ ಶಿಂಷಾ ಅವುಗಳಲ್ಲೊಂದು. ಅದರ ಮೇಲೂ 1940ರಲ್ಲಿ ಶಿಂಷಾಪುರದ ವಿದ್ಯುದಾಗಾರ ಬಂದಿತು. ಶಿಂಷಾ ಬಯಲಿನ ನೀರು ಮತ್ತು ಮೀನಿನ ಮೇಲೆ ಬಾಳುವವರು ಬೆಸ್ತರಷ್ಟೇ ಅಲ್ಲ: ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಊರ ಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆಗಳೂ ಸುತ್ತಲಿನ ಕೆರೆ, ಹೊಳೆಗಳ ಮೀನನ್ನೇ ನಂಬಿವೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಜನ ತಾವಾಗಿ ಒಪ್ಪಿ ಕಾಯ್ದ ಜೀವ ಉಳಿಯುತ್ತದೆ ಎಂಬುದಕ್ಕೆ ಜಿಲ್ಲೆಯೊಳಗಿನ ಸಾಕ್ಷಿ ಅದು.

ಸಂಘದ ಹುಟ್ಟು ಮತ್ತು ಕಾವಲು

ಸ್ವಾತಂತ್ರ್ಯಾನಂತರ ಕಟ್ಟಡ, ಕ್ವಾರಿ ಕೆಲಸಗಳ ಸಿಡಿಮದ್ದು ಸುಲಭವಾಗಿ ಕೈಗೆ ಸಿಕ್ಕತೊಡಗಿತು. ಒಂದು ಮಡುವಿಗೆ ಎಸೆದ ಒಂದೇ ತೋಟೆ ದೊಡ್ಡದು ಚಿಕ್ಕದೆನ್ನದೆ ಮೀನು, ಮರಿ, ಮೊಟ್ಟೆಗಳನ್ನು ಒಟ್ಟಿಗೆ ಕೊಲ್ಲುತ್ತದೆ. ಇದನ್ನು ತಡೆಯಲೆಂದು 1972ರಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ, ಚಿಕ್ಕದಾಗಿ ‘ವಾಸಿ’, ಸ್ಥಾಪನೆಯಾಯಿತು. ಮೀನುಗಾರಿಕೆ ಇಲಾಖೆಯಿಂದ ಹೊಳೆಯ ಭಾಗವೊಂದನ್ನು ಗುತ್ತಿಗೆಗೆ ಪಡೆದು ಅದು ಕಾವಲುಗಾರರನ್ನಿಟ್ಟಿತು.

1970ರ ದಶಕದ ಕೊನೆಯಲ್ಲಿ ಬಂದ ಇಂಗ್ಲಿಷ್ ಹವ್ಯಾಸಿಗಳ ತಂಡವೊಂದು ಕಾವೇರಿಯಲ್ಲಿ ಇನ್ನೂ ಭಾರೀ ಮಹಶೀರ್ ಇರುವುದನ್ನು ಹೊರಜಗತ್ತಿಗೆ ತಿಳಿಸಿತು. 1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ ಮತ್ತು ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳನ್ನು ನಡೆಸಿತು. ನಿಯಮ ಒಂದೇ: ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ಹೊಳೆಗೆ ಬಿಡಬೇಕು.

ಈ ವ್ಯವಸ್ಥೆಯ ಬೆನ್ನೆಲುಬು ದಡದ ಹಳ್ಳಿಗಳವರು. ತೆಪ್ಪ ಹಾಕುವವರು, ರಾಗಿ ಹಿಟ್ಟು ಬೇಯಿಸಿ ಎರೆಯುಂಡೆ ಕಟ್ಟುವವರು, ಯಾವ ಬಂಡೆಯ ಮರೆಯಲ್ಲಿ ಮೀನು ನಿಲ್ಲುತ್ತದೆಂದು ಬಲ್ಲವರು ಅವರೇ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಸಂಬಳ ಪಡೆದರು. ಜೀವಂತ ಮೀನಿನಿಂದ ವರ್ಷ ವರ್ಷವೂ ಅನ್ನ ಹುಟ್ಟುತ್ತದೆ ಎಂಬ ಲೆಕ್ಕ ಮನೆಗಳಿಗೆ ಮುಟ್ಟಿದಾಗ ಸಿಡಿಮದ್ದಿನ ಸದ್ದು ತಗ್ಗಿತು. ಸಂರಕ್ಷಣೆಯ ಚರಿತ್ರೆಯಲ್ಲಿ ಇದು ಸಣ್ಣ ಸಾಧನೆಯಲ್ಲ.

ಲೆಕ್ಕ ಹೇಳಿದ ಸತ್ಯ

ಗಾಳಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. 23,620 ಗಂಟೆಗಳ ಗಾಳಕ್ಕೆ 6,161 ಮಹಶೀರ್ ಸಿಕ್ಕಿದ್ದವು. ತೂಕ 1ರಿಂದ 46 ಕಿಲೋ. ವರ್ಷಗಳು ಕಳೆದಂತೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಅಂದರೆ ಎಳೆಯ ಮೀನುಗಳು ಹೆಚ್ಚಿದ್ದವು. ಕಾವಲು ಫಲಿಸಿತ್ತು.

ಆದರೆ ಅದೇ ಲೆಕ್ಕವನ್ನು ಮೀನಿನ ಬಗೆಯ ಪ್ರಕಾರ ಬಿಡಿಸಿದಾಗ ಬೇರೆಯ ಚಿತ್ರ ಕಂಡಿತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಲೋನಾವಳದಲ್ಲಿ ಟಾಟಾ ಸಂಸ್ಥೆಯ ಮರಿ ಉತ್ಪಾದನಾ ಕೇಂದ್ರ ಬೆಳೆಸಿದ ಆ ಜಾತಿಯ ಮರಿಗಳನ್ನು ಕಾವೇರಿಗೂ ಬಿಡಲಾಗಿತ್ತು. ಕಾವೇರಿ ಕೊಳ್ಳದ್ದೇ ಆದ, ಬೆನ್ನಿನಲ್ಲಿ ಗೂನು ಇರುವ ದೊಡ್ಡ ಮಹಶೀರ್ ಕುಗ್ಗುತ್ತ ಬಂದಿತ್ತು. ಸಿಕ್ಕ ಕೆಲವೇ ಗೂನುಮೀನುಗಳ ಸರಾಸರಿ ತೂಕ ಏರುತ್ತಿತ್ತು. ಮುದಿ ಮೀನುಗಳಿದ್ದವು, ಹೊಸ ಪೀಳಿಗೆ ಬರುತ್ತಿರಲಿಲ್ಲ.

ಇನ್ನೂ ದುಃಖದ ಸಂಗತಿಯೆಂದರೆ ಜಗತ್ಪ್ರಸಿದ್ಧವಾದ ಈ ಮೀನಿಗೆ ಖಚಿತ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವಿವರಿಸಲಾಗಿದ್ದ ‘ಟಾರ್ ರೆಮಾದೇವಿಯೈ’ ಇದೇ ಎಂದು 2018ರಲ್ಲಿ ಸ್ಥಿರಪಟ್ಟಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ‘ತೀವ್ರ ಅಪಾಯದಲ್ಲಿರುವ’ ಜೀವಿಯೆಂದು ಸೇರಿತು. ಹೆಸರಿಲ್ಲದ ಜೀವಿಗೆ ಕಾನೂನಿನ ರಕ್ಷಣೆ ಕೇಳುವುದು ಕಷ್ಟ. ಕಾವೇರಿಯ ಮೀನು ಆ ವಿಳಂಬದ ಬೆಲೆ ತೆತ್ತಿತು.

ನಿಷೇಧದ ನಂತರ

ಈ ಹೊಳೆಯ ಭಾಗ 1987ರಲ್ಲಿ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿತ್ತು. ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವಿನಿಂದ 2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳ ನಿಂತಿತು. ಧಾಮದೊಳಗೆ ಯಾವ ಪ್ರಾಣಿಯನ್ನೂ ಹವ್ಯಾಸಕ್ಕಾಗಿ ನೋಯಿಸಬಾರದೆಂಬ ತತ್ತ್ವ ಗೌರವಾರ್ಹ. ಆದರೆ ಗಾಳದ ಜೊತೆಗೆ ದಿನದಿನದ ಲೆಕ್ಕವೂ, ನೀರಿನ ಮೇಲೆ ಹಗಲಿಡೀ ಇರುತ್ತಿದ್ದ ಕಣ್ಣುಗಳೂ ಹೋದವು. ಆಲ್ ಇಂಡಿಯಾ ಗೇಮ್ ಫಿಶಿಂಗ್ ಅಸೋಸಿಯೇಷನ್‌ನಂಥ ರಾಷ್ಟ್ರಮಟ್ಟದ ಸಂಘ ಹಿಡಿದು ಬಿಡುವ ಪದ್ಧತಿಯನ್ನೂ ಸಿಹಿನೀರಿನ ರಕ್ಷಣೆಯನ್ನೂ ಜೊತೆಯಾಗಿ ಮುಂದಿಡುವಾಗ ಕಾವೇರಿಯ ಈ ಅನುಭವ ಅದಕ್ಕೆ ಬಲವೂ ಹೌದು, ಎಚ್ಚರಿಕೆಯೂ ಹೌದು.

ಉಪಸಂಹಾರ

ಮಳವಳ್ಳಿ ಸೀಮೆಯ ಚರಿತ್ರೆಯಿಂದ ಮೂರು ತೀರ್ಮಾನಗಳು ಹೊರಡುತ್ತವೆ. ದಡದ ಜನರ ಜೀವನೋಪಾಯ ಮೀನಿನ ಉಳಿವಿನ ಜೊತೆ ಬೆಸೆದಾಗ ಕಾವಲು ಗಟ್ಟಿಯಾಗುತ್ತದೆ. ಜಾತಿ ಗುರುತಿಸದೆ ಮರಿ ಬಿಡುವುದು ಸದುದ್ದೇಶದಿಂದಲೇ ನಡೆದರೂ ನದಿಯ ಮೂಲನಿವಾಸಿ ಮೀನಿಗೆ ಮುಳುವಾಗಬಹುದು. ನಿರಂತರ ದಾಖಲೆ ಇಲ್ಲದಿದ್ದರೆ ಗೆಲುವೂ ಸೋಲೂ ಎರಡೂ ನಮಗೆ ಕಾಣುವುದಿಲ್ಲ. ಆದ್ದರಿಂದ ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳು ಜೊತೆಗೂಡಿ, ಹಳೆಯ ತೆಪ್ಪದವರನ್ನೂ ಮಾರ್ಗದರ್ಶಕರನ್ನೂ ಕೂಲಿ ಕೊಟ್ಟು ಸೇರಿಸಿಕೊಂಡು, ಶಿವನಸಮುದ್ರದಿಂದ ಮೇಕೆದಾಟಿನ ಬಳಿಯ ಸಂಗಮದವರೆಗೆ ವಾರ್ಷಿಕ ಮೀನುಗಣತಿ ನಡೆಸಬೇಕು. ಗೂನುಮಹಶೀರ್ ಇನ್ನೂ ಉಳಿದಿರುವ ಮೋಯಾರ್‌ನಂಥ ಹೊಳೆಗಳ ಅಧ್ಯಯನವನ್ನು ಅದಕ್ಕೆ ಜೋಡಿಸಬೇಕು. ಮೇಕೆದಾಟು ಜಲಾಶಯದ ಪ್ರಸ್ತಾವದ ಮೇಲೆ ತೀರ್ಪು ಏನೇ ಬರಲಿ, ಮುಳುಗಬಹುದಾದ ಹೊಳೆಯಲ್ಲಿ ಯಾವ ಮೀನು ಎಷ್ಟಿದೆ ಎಂಬ ಲೆಕ್ಕ ಅದಕ್ಕೆ ಮೊದಲೇ ಸರ್ಕಾರದ ಮುಂದೆ ಇರಲೇಬೇಕು.