ನೋಟಿನ ಮೇಲಿಲ್ಲದ ಹಡಗು: ಮುಂಬೈ ಹೈ ಮತ್ತು ಲಂಗರು ಕೆಲಸದವರ ಕಿರು ಇತಿಹಾಸ



ಮದುವೆಯ ಆಯೇರಿಗೆಂದು ನೂರಾ ಒಂದು ರೂಪಾಯಿ ಲಕೋಟೆಯಲ್ಲಿ ಹಾಕುವಾಗ ಆ ಒಂದು ರೂಪಾಯಿಯ ನೋಟನ್ನು ತಿರುಗಿಸಿ ನೋಡಿದ್ದೀರಾ? ಅದರ ಹಿಂಬದಿಯಲ್ಲಿ ಸಮುದ್ರದ ನಡುವೆ ನಿಂತ ಒಂದು ದೊಡ್ಡ ಯಂತ್ರದ ಚಿತ್ರವಿದೆ. ಅದೇ 'ಸಾಗರ ಸಮ್ರಾಟ'. ಮುಂಬೈ ಹೈನಲ್ಲಿ ಎಣ್ಣೆಯ ಬಾವಿ ಕೊರೆದ ರಿಗ್.

ಭೂಗೋಲದ ಪಾಠ ಮಾಡುವಾಗ ನಾವು ಈ ನೋಟನ್ನು ತರಗತಿಗೆ ಒಯ್ದಿದ್ದೆವು. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಇಷ್ಟ ದೊಡ್ಡದನ್ನ ಸಮುದ್ರದಾಗ ಆ ಕಡೆ ಈ ಕಡೆ ಯಾರ್ ಒಯ್ತಾರ್ರಿ?" ಪಾಠದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕರಜಗಿಯಿಂದ ಮುಂಬೈಯೇ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಮಕ್ಕಳು ಕಂಡ ದೊಡ್ಡ ನೀರೆಂದರೆ ಭೀಮಾ ನದಿ. ಆದರೂ ಪ್ರಶ್ನೆ ಸರಿಯಾದದ್ದೇ.

ಈ ಲೇಖನಕ್ಕೆ ಇನ್ನೊಂದು ಕಾರಣವೂ ಇದೆ. ಐಟಿಐ ಮುಗಿಸಿ ವೆಲ್ಡಿಂಗ್ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. "ಸರ್, ಸಮುದ್ರದಾಗ ಬಾರ್ಜಿನ ಮ್ಯಾಲ ಕೆಲಸ ಐತಂತ್ರಿ. ಪಗಾರ ಚಲೋ ಐತಿ. ಹೋಗ್ಲೇನ್ರಿ?" ಎಂದು ಕೇಳಿದ. ಆ ದಿನ ನಮಗೆ ಉತ್ತರ ತಿಳಿಯಲಿಲ್ಲ. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಎಣ್ಣೆ ಸಿಕ್ಕ ಕಥೆ

ನಮ್ಮ ದೇಶ ಸಮುದ್ರದಲ್ಲಿ ಎಣ್ಣೆ ಹುಡುಕಲು ಮೊದಲು ಬಾವಿ ಕೊರೆದದ್ದು 1970ರಲ್ಲಿ, ಗುಜರಾತಿನ ಖಂಭಾತ್ ಕೊಲ್ಲಿಯ ಅಲಿಯಾಬೆಟ್ ಎಂಬಲ್ಲಿ. 1973ರಲ್ಲಿ ಜಪಾನಿನಲ್ಲಿ ಕಟ್ಟಿದ ಸಾಗರ ಸಮ್ರಾಟ ಬಂತು. 1974ರ ಫೆಬ್ರವರಿಯಲ್ಲಿ ಮುಂಬೈಯಿಂದ ಸುಮಾರು 160 ಕಿ.ಮೀ. ದೂರದ ಸಮುದ್ರದಲ್ಲಿ ಎಣ್ಣೆ ಸಿಕ್ಕಿತು. 1976ರ ಮೇ ತಿಂಗಳಿಂದ ಉತ್ಪಾದನೆ ಶುರುವಾಯಿತು. ಇದು ಎಲ್ಲ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲೂ ಇದೆ.

ಪುಸ್ತಕದಲ್ಲಿ ಇಲ್ಲದ್ದು ಏನೆಂದರೆ, ಇಂಥ ಯಂತ್ರಗಳಲ್ಲಿ ಹೆಚ್ಚಿನವು ತಾವಾಗಿ ನಡೆಯಲಾರವು. ಕಾಲೂರಿ ನಿಲ್ಲುವ ರಿಗ್ಗನ್ನು ಒಂದು ಬಾವಿಯಿಂದ ಇನ್ನೊಂದು ಬಾವಿಗೆ ಹಡಗುಗಳು ಎಳೆದೊಯ್ಯಬೇಕು. ತೇಲುವ ರಿಗ್ಗನ್ನೂ, ಪೈಪು ಹಾಕುವ ಬಾರ್ಜನ್ನೂ, ಕೆಲಸಗಾರರು ಉಳಿಯುವ ಬಾರ್ಜನ್ನೂ ನಾಲ್ಕೂ ದಿಕ್ಕಿಗೆ ಲಂಗರು ಹಾಕಿ ಬಿಗಿಯಬೇಕು. ಜಾತ್ರೆಯಲ್ಲಿ ಡೇರೆಯವರು ಸುತ್ತಲೂ ಗೂಟ ಬಡಿದು ಹಗ್ಗ ಬಿಗಿಯುವುದಿಲ್ಲವೇ? ಹಾಗೆಯೇ. ಪೈಪು ಮುಂದೆ ಹೋದಂತೆ ಈ ಗೂಟಗಳನ್ನೂ ಕಿತ್ತು ಮುಂದೆ ನೆಡುತ್ತ ಹೋಗಬೇಕು. ಆದರೆ ಇಲ್ಲಿ ಗೂಟವೊಂದು ಕಬ್ಬು ತುಂಬಿದ ಟ್ರಾಲಿಯಷ್ಟು ಭಾರ, ಹಗ್ಗವೋ ಮಣಿಕಟ್ಟಿನಷ್ಟು ದಪ್ಪದ ಉಕ್ಕಿನದು, ನೆಲ ನೀರಿನಡಿಯದು!

ಈ ಕೆಲಸ ಮಾಡುವುದೇ ಲಂಗರು ಎಳೆಯುವ ಹಡಗು. 1950ರ ದಶಕದಲ್ಲಿ ಅಮೆರಿಕದ ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆಯವರಿಗೆಂದೇ ಹೊಸ ಮಾದರಿಯ ಹಡಗು ಬಂತು. ಕ್ಯಾಪ್ಟನ್ನನ ಕೋಣೆ ಮುಂದೆ, ಹಿಂದೆಲ್ಲ ತಗ್ಗಾದ ಬಯಲು ಡೆಕ್. ಲಂಗರಿನ ಹಡಗು ಅದೇ ಮಾದರಿಯದು. ಹಿಂಬದಿಯ ಅಂಚಿನಲ್ಲಿ ಉರುಳುವ ದೊಡ್ಡ ರೋಲರ್, ಒಳಗೆ ಭಾರಿ ವಿಂಚ್. ಲಂಗರು ಆ ರೋಲರಿನ ಮೇಲಿಂದ ಡೆಕ್ಕಿಗೆ ಏರುತ್ತದೆ, ಅಲ್ಲಿಂದಲೇ ನೀರಿಗೆ ಇಳಿಯುತ್ತದೆ.

ಅವರ ದಿನಚರಿ

ಹಡಗಿನಲ್ಲಿ ಇರುವವರು ಹತ್ತು ಹದಿನೈದು ಮಂದಿ. ಕ್ಯಾಪ್ಟನ್, ಮೇಟ್, ಎಂಜಿನಿಯರುಗಳು, ಅಡುಗೆಯವನು, ಡೆಕ್ಕಿನ ಖಲಾಸಿಗಳು. ಖಲಾಸಿಗಳ ಮುಖಂಡನಿಗೆ ಬೋಸನ್ ಎನ್ನುತ್ತಾರೆ, ಹಿಂದೆ ಸಾರಂಗ ಎನ್ನುತ್ತಿದ್ದರು. ಹಲವು ಹಡಗುಗಳಲ್ಲಿ ಆರು ತಾಸು ಕೆಲಸ, ಆರು ತಾಸು ಬಿಡುವು. ಆ ಆರು ತಾಸಿನಲ್ಲೇ ಊಟ, ಸ್ನಾನ, ನಿದ್ದೆ ಎಲ್ಲ. ಹೀಗೆ ತಿಂಗಳುಗಟ್ಟಲೆ.

ಲಂಗರು ಎತ್ತುವಾಗ ಕ್ಯಾಪ್ಟನ್ ಹಿಂದಕ್ಕೆ ಮುಖ ಮಾಡಿ ಹಡಗು ನಡೆಸುತ್ತಾನೆ. ಡೆಕ್ಕಿನ ಮೇಲೆ ಇಬ್ಬರೋ ಮೂವರೋ ಖಲಾಸಿಗಳು. ಅಲೆ ಬಂದರೆ ಮೊಣಕಾಲವರೆಗೆ ನೀರು. ಬಿಗಿದ ತಂತಿ ಹರಿದರೆ ಚಾವಟಿಯಂತೆ ಹಿಂದಕ್ಕೆ ಬಡಿಯುತ್ತದೆ. ಅದರ ಎದುರಿಗೆ ಸಿಕ್ಕವನು ಉಳಿಯುವುದು ಕಷ್ಟ. ಆದ್ದರಿಂದ ಬಿಗಿದ ತಂತಿಯನ್ನು ದಾಟಬಾರದು, ಅದರ ನೇರಕ್ಕೆ ನಿಲ್ಲಬಾರದು ಎಂಬುದು ಹೊಸಬರಿಗೆ ಮೊದಲ ಪಾಠ.

ಸರಪಳಿಯ ಭಾರ ಹಡಗನ್ನೇ ಮಗುಚಬಲ್ಲದು. 2007ರ ಏಪ್ರಿಲ್ 12ರಂದು ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳ ಪಶ್ಚಿಮಕ್ಕೆ ನಾರ್ವೆಯ 'ಬೂರ್ಬೋನ್ ಡಾಲ್ಫಿನ್' ಎಂಬ ಹಡಗು ರಿಗ್ಗಿನ ಲಂಗರು ಹಾಕುತ್ತಿತ್ತು. ಅಲ್ಲಿ ಸಮುದ್ರದ ಆಳ ಸುಮಾರು 1,100 ಮೀಟರ್. ಸರಪಳಿ ಪಕ್ಕಕ್ಕೆ ಜಗ್ಗಿತು, ಹಡಗು ಮಗುಚಿತು. 15 ಜನರಲ್ಲಿ 8 ಜನ ಸತ್ತರು. ಹಡಗಿಗೆ ಒಂದು ವರ್ಷವೂ ತುಂಬಿರಲಿಲ್ಲ. ನಾರ್ವೆ ಸರ್ಕಾರದ ಆಯೋಗವು ಯಾವುದೋ ಒಂದೇ ತಪ್ಪಿನಿಂದ ಹೀಗಾಗಲಿಲ್ಲ, ಹಲವು ಕೊರತೆಗಳು ಕೂಡಿ ಬಂದವು ಎಂದಿತು. ಹೊಸ ಕ್ಯಾಪ್ಟನ್‌ಗೆ ಹಡಗನ್ನು ಒಪ್ಪಿಸಿಕೊಳ್ಳಲು ಸಿಕ್ಕಿದ್ದು ಸುಮಾರು ಒಂದೂವರೆ ತಾಸು ಮಾತ್ರ. ಶಾಲೆಯ ಚಾರ್ಜ್ ತೆಗೆದುಕೊಳ್ಳಲೇ ನಮಗೆ ಎರಡು ದಿನ ಬೇಕು! ಲಂಗರು ಕೆಲಸದ ಹಡಗುಗಳ ಸ್ಥಿರತೆಯ ಬಗ್ಗೆ ಅಂತರರಾಷ್ಟ್ರೀಯ ನಿಯಮಾವಳಿಗೆ ಪ್ರತ್ಯೇಕ ತಿದ್ದುಪಡಿ ಬಂದದ್ದು 2016ರಲ್ಲಿ. ಜನ ಸತ್ತ ಮೇಲೆ ನಿಯಮ ಬರುವುದು ಸಮುದ್ರದಲ್ಲೂ ಅಷ್ಟೇ.

2021ರ ಮೇ ತಿಂಗಳು

ಅದು ದೂರದ ಕಥೆ ಎನ್ನಬೇಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಬಂತು. ಉಡುಪಿ ಜಿಲ್ಲೆಯ ಕಾಪು ಬಳಿ 'ಕೋರಮಂಡಲ್ ಸಪೋರ್ಟರ್-9' ಎಂಬ ಟಗ್ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅದರಲ್ಲಿದ್ದ 9 ಜನರನ್ನು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕೋಸ್ಟ್ ಗಾರ್ಡ್‌ನವರು ಮೇ 17ರಂದು ಉಳಿಸಿದರು. 'ಅಲಯನ್ಸ್' ಎಂಬ ಇನ್ನೊಂದು ಟಗ್ ಮಗುಚಿತು. ಅದರಲ್ಲಿದ್ದ ಕೆಲವರು ಬದುಕಿ ಬರಲಿಲ್ಲ.

ಅದೇ ದಿನ ಮುಂಬೈ ಹೈ ಪ್ರದೇಶದಲ್ಲಿ ಅದಕ್ಕಿಂತ ದೊಡ್ಡ ಅನಾಹುತವಾಯಿತು. 'ಪಿ-305' ಎಂಬ ಬಾರ್ಜಿನಲ್ಲಿ 261 ಜನರಿದ್ದರು. ಅದಕ್ಕೆ ಸ್ವಂತ ಎಂಜಿನ್ ಇರಲಿಲ್ಲ, ಅದರ ಜೀವವೆಲ್ಲ ಲಂಗರಿನ ಮೇಲಿತ್ತು. ರಾತ್ರಿ ಲಂಗರುಗಳು ಕಿತ್ತವು. ಬಾರ್ಜ್ ತೇಲುತ್ತ ಹೋಗಿ ಪ್ಲಾಟ್‌ಫಾರ್ಮಿಗೆ ಬಡಿಯಿತು, ನೀರು ನುಗ್ಗಿ ಸಂಜೆಗೆ ಮುಳುಗಿತು. 13 ಜನರಿದ್ದ 'ವರಪ್ರದಾ' ಎಂಬ ಟಗ್ ಕೂಡ ಮುಳುಗಿತು. ಎರಡೂ ಸೇರಿ 274 ಜನ. ಬದುಕಿದವರು 188, ಸತ್ತವರು 86.

ಬಾರ್ಜಿನಲ್ಲಿದ್ದವರಲ್ಲಿ ಹೆಚ್ಚಿನವರು ನಾವಿಕರಲ್ಲ. ವೆಲ್ಡರ್, ಫಿಟ್ಟರ್, ಪೇಂಟರ್, ಅಡುಗೆಯವರು, ನಮ್ಮಂತೆ ಸಮುದ್ರವಿಲ್ಲದ ಊರುಗಳಿಂದ ಹೊಟ್ಟೆಪಾಡಿಗೆ ಬಂದವರೂ ಇದ್ದರು. ಅವರನ್ನು ಎತ್ತಿಕೊಂಡದ್ದು ಐಎನ್‌ಎಸ್ ಕೊಚ್ಚಿಯಂಥ ಯುದ್ಧನೌಕೆಗಳು ಮಾತ್ರವಲ್ಲ, 'ಗ್ರೇಟ್‌ಶಿಪ್ ಅಹಲ್ಯಾ' ಎಂಬ ಲಂಗರು ಎಳೆಯುವ ಹಡಗೂ ಅಲ್ಲಿತ್ತು. ಅದರ ಖಲಾಸಿಗಳು ಅದೇ ಅಲೆಗಳಲ್ಲಿ ನಿಂತು ಜನರನ್ನು ಮೇಲಕ್ಕೆಳೆದರು.

ಹವಾಮಾನ ಇಲಾಖೆ ದಿನಗಳ ಮುಂಚೆಯೇ ಎಚ್ಚರಿಕೆ ಕೊಟ್ಟಿತ್ತು. ಲಂಗರು ಎತ್ತಿ ಬಂದರಿಗೆ ಮರಳಿದ ಹಡಗುಗಳೂ ಇದ್ದವು. ಹಾಗಾದರೆ ಲಂಗರು ಎತ್ತುವ ನಿರ್ಧಾರ ಯಾರದು? ದಡದಲ್ಲಿ ಕುಳಿತವರದೋ, ಬಾರ್ಜಿನ ಮೇಲಿದ್ದವರದೋ? ವೆಲ್ಡರನನ್ನು ಯಾರೂ ಕೇಳುವುದಿಲ್ಲ. ಈ ಇತಿಹಾಸದಲ್ಲಿ ನಮ್ಮನ್ನು ಹೆಚ್ಚು ಕಾಡುವ ಪ್ರಶ್ನೆ ಇದೇ.

ನಮ್ಮ ಮಕ್ಕಳಿಗೆ

ಕರಾವಳಿಯ ಕನ್ನಡ, ತುಳು, ಕೊಂಕಣಿ ಮನೆಗಳಲ್ಲಿ ಈ ಕೆಲಸ ಗೊತ್ತಿದ್ದದ್ದೇ. ಅಣ್ಣ ಹೋದರೆ ತಮ್ಮನಿಗೆ ಹೇಳಿಕೊಡುತ್ತಾನೆ. ಮಲ್ಪೆಯಲ್ಲಿ ಟಗ್ ಕಟ್ಟುವ ಕಾರ್ಖಾನೆಯೇ ಇದೆ. ಅದನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡಿತು. ನಮ್ಮ ಗಡಿನಾಡಿನ ಹುಡುಗರಿಗೆ ಹೇಳಿಕೊಡುವ ಅಣ್ಣಂದಿರಿಲ್ಲ. ಅವರಿಗೆ ಮೊದಲು ಸಿಗುವವನು ಏಜೆಂಟ್.

ಆದ್ದರಿಂದ ನಮ್ಮ ವಿದ್ಯಾರ್ಥಿಗೆ ಮರಳಿ ಫೋನ್ ಮಾಡಿ ಹೀಗೆ ಹೇಳಿದೆವು. ಹೋಗಬೇಡ ಎನ್ನುವುದಿಲ್ಲಪ್ಪ, ಕೇಳಿ ಹೋಗು. ನೀರಿಗೆ ಬಿದ್ದರೆ ಬದುಕುವ ತರಬೇತಿ ಕೊಡುತ್ತಾರೋ ಇಲ್ಲವೋ ಕೇಳು. ಲೈಫ್ ಜಾಕೆಟ್ ಹಾಕಿಕೊಳ್ಳುವುದು, ತೆಪ್ಪ ಬಿಡಿಸುವುದು ಕಲಿಯದೆ ಹತ್ತಬೇಡ. ಮಳೆಗಾಲದ ಮುಂಚೆ ಬಾರ್ಜ್ ಯಾವಾಗ ಮರಳುತ್ತದೆ ಕೇಳು. ವಿಮೆ ಯಾರ ಹೆಸರಿನಲ್ಲಿದೆ, ಕರಾರು ಪತ್ರ ಎಲ್ಲಿದೆ ಕೇಳು. ಖಲಾಸಿಯಾಗಿಯೇ ಹೋಗುವುದಿದ್ದರೆ ಹತ್ತನೆಯ ತರಗತಿಯ ನಂತರ ಆರು ತಿಂಗಳ ಜಿ.ಪಿ. ರೇಟಿಂಗ್ ತರಬೇತಿ ಇದೆ. ಇಂಗ್ಲಿಷಿನಲ್ಲಿ ಶೇ. 40 ಅಂಕ ಬೇಕು. ಸಂಸ್ಥೆಗೂ ಏಜೆಂಟನಿಗೂ ಡಿ.ಜಿ. ಶಿಪ್ಪಿಂಗ್ ಮಾನ್ಯತೆ ಇದೆಯೇ ನೋಡು. ಇಲ್ಲದವನ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡ.

"ಆತ್ರಿ ಸರ್, ಕೇಳ್ತೀನ್ರಿ" ಎಂದ.

ಶಿಕ್ಷಕ ಬಂಧುಗಳೇ, ಮುಂಬೈ ಹೈ ಪಾಠ ಮಾಡುವಾಗ ನೋಟಿನ ಚಿತ್ರ ತೋರಿಸಿರಿ. ಜೊತೆಗೆ ಅದರಲ್ಲಿ ಕಾಣದ ಹಡಗನ್ನೂ, ಡೆಕ್ಕಿನ ಮೇಲೆ ನೀರಲ್ಲಿ ನಿಂತವರನ್ನೂ ಮಕ್ಕಳಿಗೆ ಹೇಳಿರಿ. ನಿಮ್ಮ ಊರಿನಿಂದ ಇಂಥ ಕೆಲಸಕ್ಕೆ ಹೋದವರಿದ್ದರೆ ಶಾಲೆಗೆ ಕರೆಸಿ ಮಾತಾಡಿಸಿರಿ. ಪುಸ್ತಕದಲ್ಲಿಲ್ಲದ ಪಾಠ ಅವರ ಹತ್ತಿರ ಇದೆ.