ಪೆಟ್ಟಿಗೆಯೊಳಗಿನ ಸ್ವರಗಳು

ವಿಜಯನಗರದ ನಮ್ಮ ಬೀದಿಯಲ್ಲಿ ಬಹುಕಾಲ ಸಂಗೀತದ ಪಾಠ ಹೇಳುತ್ತಿದ್ದ ಹಿರಿಯರೊಬ್ಬರು ತೀರಿಕೊಂಡ ಮೇಲೆ, ಮನೆಯವರು ಅಟ್ಟ ತೆರವು ಮಾಡುವಾಗ ಒಂದು ತಗಡಿನ ಟ್ರಂಕು ಸಿಕ್ಕಿತು. ಅದರ ತುಂಬ ಉದ್ದನೆಯ ರಟ್ಟಿನ ನೋಟ್‌ಬುಕ್ಕುಗಳು. ಪ್ರತಿ ಪುಟದ ತಲೆಯಲ್ಲಿ ರಾಗದ ಹೆಸರು, ತಾಳದ ಹೆಸರು. ಮೇಲಿನ ಸಾಲಿನಲ್ಲಿ ಸ್ವರ, ಕೆಳಗಿನ ಸಾಲಿನಲ್ಲಿ ಸಾಹಿತ್ಯ. ನಾನು ಕನ್ನಡದ ಮೇಷ್ಟ್ರೆಂಬ ಒಂದೇ ಕಾರಣಕ್ಕೆ ಅವರ ಮಗ ನನ್ನನ್ನು ಕರೆದು, “ಇದನ್ನೆಲ್ಲ ಏನು ಮಾಡೋಣ, ಸಾರ್? ನಾಳೆ ರದ್ದಿಯವನು ಬರುತ್ತಾನೆ” ಎಂದರು. ಮೊದಲನೆಯ ಪುಸ್ತಕವನ್ನು ತೆರೆದೆ. ಒಳರಟ್ಟಿನ ಮೇಲೆ ಕೆಂಪು ಮಸಿಯಲ್ಲಿ ಬರೆದಿತ್ತು: “ಈ ಪುಸ್ತಕವನ್ನು ಯಾರಿಗೂ ಕೊಡತಕ್ಕದ್ದಲ್ಲ.”

ಆ ಒಕ್ಕಣೆಯನ್ನು ಕಂಡು ನಗುವುದು ಸುಲಭ. ಆದರೆ ಅದರ ಹಿಂದೆ ನ್ಯಾಯವಿಲ್ಲದೆ ಇಲ್ಲ. ಸಂಗೀತಗಾರನಿಗೆ ಹೊಲವಿಲ್ಲ, ಮನೆಯಿಲ್ಲ. ಬೇರೆಯವರಿಗೆ ಬಾರದ ನಾಲ್ಕು ಕೃತಿಗಳೇ ಅವನ ಆಸ್ತಿ. ಪಾತ್ರವರಿಯದೆ ಕೊಟ್ಟ ವಿದ್ಯೆ ಕೆಡುತ್ತದೆಂಬ ಭಯವೂ ಹಿರಿಯರಿಗಿತ್ತು. ಕೊಟ್ಟಷ್ಟೂ ಬೆಳೆಯುವ ಧನವೆಂದು ವಿದ್ಯೆಯನ್ನು ಹೊಗಳಿದ ನಾಡಿನಲ್ಲಿಯೇ ಅದನ್ನು ಬಚ್ಚಿಟ್ಟುಕೊಳ್ಳುವುದೂ ಒಂದು ಸಂಪ್ರದಾಯವಾಗಿ ಬೆಳೆಯಿತು. ಕೊಟ್ಟ ಸಂಗೀತ ಉಳಿಯಿತೇ, ಮುಚ್ಚಿಟ್ಟ ಸಂಗೀತ ಉಳಿಯಿತೇ ಎಂಬುದಕ್ಕೆ ಚರಿತ್ರೆ ಏನು ಹೇಳುತ್ತದೆ ಎಂದು ನೋಡಬೇಕು.

ಮೊದಲು ಕೊಂಚ ದೂರದ ಕಥೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ‘ರಾಗ್‌ಟೈಮ್’ ಎಂಬ ಪಿಯಾನೊ ಸಂಗೀತ ಜನಪ್ರಿಯವಾಯಿತು. ಹೆಸರಿನಲ್ಲಿ ‘ರಾಗ್’ ಇದ್ದರೂ ನಮ್ಮ ರಾಗಕ್ಕೂ ಅದಕ್ಕೂ ನಂಟಿಲ್ಲ. ಎಡಗೈ ತಾಳವನ್ನು ಬಿಗಿಯಾಗಿ ಹಿಡಿದು ನಡೆಯುತ್ತಿದ್ದರೆ ಬಲಗೈ ಪೆಟ್ಟಿಗೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಿದ್ದು ಕುಣಿಯುತ್ತದೆ. ನಮ್ಮವರು ಅತೀತ, ಅನಾಗತ ಎನ್ನುವುದರ ದೂರದ ಬಂಧುವೆನ್ನಬಹುದು. ಧ್ವನಿಮುದ್ರಣ ಇನ್ನೂ ಶೈಶವದಲ್ಲಿದ್ದ ಕಾಲ. ಸಂಗೀತ ಮನೆಗೆ ಬರುತ್ತಿದ್ದುದು ಅಚ್ಚಾದ ಹಾಳೆಗಳ ರೂಪದಲ್ಲಿ. ಐದು ಗೆರೆಗಳ ಮೇಲೆ ಚುಕ್ಕಿಗಳನ್ನಿಟ್ಟ ಆ ಹಾಳೆಗಳನ್ನು ಕೊಂಡು ತಂದು ಮನೆಮನೆಯ ಪಿಯಾನೊ ಮೇಲೆ ನುಡಿಸುತ್ತಿದ್ದರು.

ಈ ಸಂಗೀತದ ಮಹಾಶಿಲ್ಪಿ ಸ್ಕಾಟ್ ಜೋಪ್ಲಿನ್, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಜನಾಂಗದ ಮಗ. 1899ರಲ್ಲಿ ಮಿಸ್ಸೂರಿ ಪ್ರಾಂತದ ಸೆಡೇಲಿಯ ಎಂಬ ಊರಿನಲ್ಲಿ ಅವನ ‘ಮೇಪಲ್ ಲೀಫ್ ರ‍್ಯಾಗ್’ ಅಚ್ಚಾಯಿತು. ಪ್ರತಿಯೊಂದಕ್ಕೆ ಒಂದು ಸೆಂಟಿನಂತೆ ಗೌರವಧನವೆಂದು ಪ್ರಕಾಶಕನೊಡನೆ ಕರಾರು. ಆ ಹಾಳೆ ದೇಶದ ತುಂಬ ಹರಡಿತು, ಎಂದೂ ಸಾಯಲಿಲ್ಲ. ಅದೇ ಜೋಪ್ಲಿನ್ 1903ರಲ್ಲಿ ‘ಎ ಗೆಸ್ಟ್ ಆಫ್ ಆನರ್’ ಎಂಬ ಗೀತನಾಟಕವನ್ನು ರಚಿಸಿ ಊರೂರು ಆಡಿಸಿದನು. ಅದು ಅಚ್ಚಾಗಲಿಲ್ಲ. ಇಂದು ಅದರ ಸ್ವರಲಿಪಿಯ ಒಂದು ಹಾಳೆಯೂ ದೊರೆತಿಲ್ಲ. ಮುಂದೆ ‘ಟ್ರೀಮನೀಷ’ ಎಂಬ ಇನ್ನೊಂದು ಗೀತನಾಟಕವನ್ನು 1911ರಲ್ಲಿ ಸ್ವಂತ ಖರ್ಚಿನಿಂದಲೇ ಅಚ್ಚು ಹಾಕಿಸಿದನು. ಅವನು ಬದುಕಿರುವಾಗ ಅದಕ್ಕೆ ಪೂರ್ಣ ರಂಗವೇರುವ ಭಾಗ್ಯ ಬರಲಿಲ್ಲ, 1917ರಲ್ಲಿ ತೀರಿಕೊಂಡನು. ಆದರೆ ಅಚ್ಚಾದ ಹಾಳೆ ಉಳಿದಿದ್ದುದರಿಂದ 1972ರಲ್ಲಿ ನಾಟಕ ರಂಗಕ್ಕೆ ಬಂದಿತು. 1970ರಲ್ಲಿ ಜೋಷುವ ರಿಫ್ಕಿನ್ ನುಡಿಸಿದ ಧ್ವನಿಮುದ್ರಿಕೆಯೂ 1973ರ ‘ದಿ ಸ್ಟಿಂಗ್’ ಚಲನಚಿತ್ರವೂ ಜೋಪ್ಲಿನ್‌ನನ್ನು ಮತ್ತೆ ಮನೆಮಾತಾಗಿಸಿದವು. 1976ರಲ್ಲಿ, ಸತ್ತು ಐವತ್ತೊಂಬತ್ತು ವರ್ಷಗಳಾದ ಮೇಲೆ, ಪುಲಿಟ್ಜರ್ ಗೌರವ ಅವನಿಗೆ ಸಂದಿತು.

ಇನ್ನು ಅಚ್ಚಾಗದೆ ಉಳಿದ ಹಸ್ತಪ್ರತಿಗಳ ಗತಿ? ಅವು ಜೋಪ್ಲಿನ್‌ನ ವಿಧವೆಯ ಬಳಿಕ ವಿಲ್ಬರ್ ಸ್ವೆಟ್ಮನ್ ಎಂಬ ಸಂಗೀತಗಾರನ ವಶಕ್ಕೆ ಹೋದವು. ಕೇಳಿ ಬಂದವರಿಗೆ ಅವನು ಧಾರಾಳವಾಗಿಯೇ ತೋರಿಸುತ್ತಿದ್ದನಂತೆ, ಕೇಳುವವರೇ ವಿರಳವಾಗಿದ್ದರು. 1961ರಲ್ಲಿ ಅವನು ಸತ್ತನು. ವಾರಸುದಾರರು ಕೋರ್ಟಿಗೆ ಹೋದರು. ಕಾಗದಗಳು ಯಾವುದೋ ಉಗ್ರಾಣ ಸೇರಿದವು. ಮುಂದೆ ಅವನ್ನು ಕಂಡವರಿಲ್ಲ. ಪೆಟ್ಟಿಗೆಯ ಒಡೆಯ ಎಷ್ಟು ಸಜ್ಜನನಾದರೇನು? ಒಂದೇ ಪ್ರತಿ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದರ ಆಯುಸ್ಸು ಒಬ್ಬ ಮನುಷ್ಯನ ಆಯುಸ್ಸೇ.

ಪಿಯಾನೊ ಸಂಗೀತದ ಎರಡನೆಯ ಕಥೆಗೆ ನಮ್ಮ ಮೈಸೂರೇ ರಂಗಸ್ಥಳ. ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ವಾಗ್ಗೇಯಕಾರ, ರಹ್ಮಾನಿನೋವನ ಗೆಳೆಯ. ಕ್ರಾಂತಿಯ ತರುವಾಯ, 1921ರಲ್ಲಿ, ರಷ್ಯವನ್ನು ಬಿಟ್ಟು ಅಲೆದು ಕೊನೆಗೆ 1935ರಲ್ಲಿ ಲಂಡನ್ನಿನಲ್ಲಿ ನೆಲೆಸಿದನು. ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ವರಮಾನ ನಿಂತುಹೋಯಿತು, ಆರೋಗ್ಯವೂ ಕೆಟ್ಟಿತು. ಅವನ ಸಂಗೀತವನ್ನು ಬಲ್ಲವರು ಬಲ್ಲರು, ಲೋಕ ಮರೆಯಿತು ಎಂಬಂತಹ ಸ್ಥಿತಿ.

ಆಗ ಕೈ ಹಿಡಿದವರು ಮೈಸೂರಿನ ಜಯಚಾಮರಾಜ ಒಡೆಯರು. ಅವರು ಸ್ವತಃ ಪಿಯಾನೊ ವಿದ್ವಾಂಸರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ಮೆಟ್ನರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಬೇಕೆಂದು 1940ರ ದಶಕದ ಕೊನೆಯಲ್ಲಿ ಮಹಾರಾಜರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಸ್ಥಾಪಿತವಾಯಿತು. ಹೃದಯರೋಗದಿಂದ ಬಳಲುತ್ತಿದ್ದ ಮುದುಕ 1947ರಲ್ಲಿ ತನ್ನ ಮೂರು ಪಿಯಾನೊ ಕಾನ್ಸರ್ಟೋಗಳನ್ನೂ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ನುಡಿಸಿದನು. ಮೂರನೆಯದನ್ನು ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. 1951ರ ನವೆಂಬರಿನಲ್ಲಿ ತೀರಿಕೊಂಡನು. ಇನ್ನು ನಾಲ್ಕೈದು ವರ್ಷ ತಡವಾಗಿದ್ದರೆ ಆ ಕೈಯ ನಾದ ಮಣ್ಣು ಸೇರುತ್ತಿತ್ತು.

ಧ್ವನಿಮುದ್ರಿಕೆ ಕೇಳುವವನಿಗಾಯಿತು, ನುಡಿಸುವವನಿಗೆ ಬೇಕಾದದ್ದು ಹಾಳೆ. ಮೆಟ್ನರನ ಪತ್ನಿ 1958ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. 1959ರಿಂದ 1963ರವರೆಗೆ ಅವನ ಸಮಗ್ರ ಕೃತಿಗಳು ಹನ್ನೆರಡು ಸಂಪುಟಗಳಲ್ಲಿ ಮಾಸ್ಕೋದಲ್ಲಿ ಅಚ್ಚಾದವು. ಬಿಟ್ಟು ಬಂದ ಊರೇ ಕೊನೆಗೆ ಅವನನ್ನು ಅಚ್ಚಿಗೆ ತಂದಿತು.

ಇಂದು ರಾಜಾಜಿನಗರದ ಒಂದು ಕೋಣೆಯಲ್ಲಿ ಕುಳಿತ ವಿದ್ಯಾರ್ಥಿ ಮೆಟ್ನರನ ಹಾಳೆಯನ್ನಾಗಲಿ ಜೋಪ್ಲಿನ್‌ನ ಹಾಳೆಯನ್ನಾಗಲಿ ಕಾಸಿಲ್ಲದೆ ಪಡೆಯಬಹುದು. ಎಡ್ವರ್ಡ್ ಗುವೊ ಎಂಬ ಸಂಗೀತ ವಿದ್ಯಾರ್ಥಿ 2006ರಲ್ಲಿ ಕೆನಡದಲ್ಲಿ ತೆರೆದ ಐ.ಎಂ.ಎಸ್.ಎಲ್.ಪಿ. ಎಂಬ ಅಂತರ್ಜಾಲದ ಸ್ವರಲಿಪಿ ಭಂಡಾರ ಇದಕ್ಕೆ ಮುಖ್ಯ ಸಾಧನ. ಹವ್ಯಾಸಿಗಳು ತಂತಮ್ಮ ಮನೆಯ ಹಳೆಯ ಹಾಳೆಗಳ ಚಿತ್ರ ತೆಗೆದು ಅಲ್ಲಿಗೆ ಸೇರಿಸುತ್ತಾರೆ. ಯೂರೋಪಿನ ಪ್ರಕಾಶಕರೊಬ್ಬರು ಹಕ್ಕಿನ ತಕರಾರು ಎತ್ತಿದ್ದರಿಂದ 2007ರ ಅಕ್ಟೋಬರಿನಲ್ಲಿ ಭಂಡಾರ ಮುಚ್ಚಿತು. 2008ರ ಜೂನಿನಲ್ಲಿ ಮತ್ತೆ ತೆರೆಯಿತು. ತಕರಾರಿನ ಮೂಲ, ದೇಶದೇಶಕ್ಕೆ ಬೇರೆಯಾದ ಕಾನೂನು. ನಮ್ಮ ದೇಶದಲ್ಲಿ, ಕರ್ತೃ ಬದುಕಿರುವಾಗ ಪ್ರಕಟವಾದ ಕೃತಿಯ ಹಕ್ಕು ಅವನು ತೀರಿಕೊಂಡ ಮೇಲೆ ಅರವತ್ತು ವರ್ಷ ನಡೆಯುತ್ತದೆ. ಆ ಲೆಕ್ಕದಲ್ಲಿ ಮೆಟ್ನರ್ ಇಲ್ಲಿ 2012ರಿಂದ ಸಾರ್ವಜನಿಕ ಸ್ವತ್ತು. ಆದರೆ ಅವನನ್ನು ಉಳಿಸಿದ ಮಹಾರಾಜರು 1974ರಲ್ಲಿ ತೀರಿಕೊಂಡವರು. ಅವರೂ ವಾಗ್ಗೇಯಕಾರರೇ, ‘ಶ್ರೀವಿದ್ಯಾ’ ಮುದ್ರಿಕೆಯಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದರು. ಅವರ ಜೀವಿತಕಾಲದಲ್ಲಿ ಪ್ರಕಟವಾದವುಗಳ ಹಕ್ಕು 2034ರ ಕೊನೆಯವರೆಗೆ ಇರುತ್ತದೆ. ಕರ್ತೃವಿನ ಮಕ್ಕಳಿಗೂ ಅನ್ನ ಬೇಕು. ಕಾನೂನನ್ನು ಹಳಿಯುವುದು ಸಲ್ಲದು. ಆದರೆ ಕಾನೂನು ಬಿಡುಗಡೆ ಮಾಡುವ ದಿನದವರೆಗೆ ಹಾಳೆ ಉಳಿದಿರಬೇಕಷ್ಟೆ.

ಕಾಗದದ ಮೇಲೆ ಸ್ವರ ಉಳಿಯದಿದ್ದರೆ ಏನಾಗುತ್ತದೆಂಬುದಕ್ಕೆ ನಮಗೆ ಪುರಂದರದಾಸರಿಗಿಂತ ದೊಡ್ಡ ನಿದರ್ಶನ ಬೇಡ. ಅವರು ಕಾಲವಾದದ್ದು 1564ರಲ್ಲಿ. ಅವರ ಪದಗಳ ಮಾತು ಓಲೆಗರಿಯಲ್ಲಿಯೂ ಭಕ್ತರ ಬಾಯಲ್ಲಿಯೂ ಉಳಿಯಿತು. 1850ರ ಸುಮಾರಿಗೆ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚಿಗೂ ತಂದರು. ಮಾತು ಬಂದಿತು, ಮಟ್ಟು ಬರಲಿಲ್ಲ. ಪಿಳ್ಳಾರಿ ಗೀತೆಗಳಂತಹ ಪಾಠದ ರಚನೆಗಳನ್ನು ಬಿಟ್ಟರೆ, ಇಂದು ನಾವು ಕೇಳುವ ದೇವರನಾಮಗಳ ಧಾಟಿ ಬಹುಮಟ್ಟಿಗೆ ನಂತರದವರು ಕೂಡಿಸಿದ್ದು. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಮತ್ತೊಬ್ಬರು ಬೇರೊಂದರಲ್ಲಿ ಹಾಡುತ್ತಾರೆ. ಕರ್ನಾಟಕ ಸಂಗೀತದ ಪಿತಾಮಹರೆಂದು ನಾವು ಕರೆಯುವವರ ಸಂಗೀತವೇ ನಮ್ಮ ಪಾಲಿಗೆ ಹೆಚ್ಚಾಗಿ ಉಳಿದಿಲ್ಲ! ಕನ್ನಡ ಪಾಠ ಹೇಳುವ ನಾನು ತರಗತಿಯಲ್ಲಿ ಅವರ ಸಾಹಿತ್ಯವನ್ನು ಓದಿಸುವಾಗಲೆಲ್ಲ, ಅರ್ಧ ದೇಹವನ್ನು ಮಾತ್ರ ತೋರಿಸುತ್ತಿದ್ದೇನೆಂಬ ಅಳುಕು ಕಾಡುತ್ತದೆ.

ಇದಕ್ಕೆ ಎದುರಾದ ನಿದರ್ಶನ ಮುತ್ತುಸ್ವಾಮಿ ದೀಕ್ಷಿತರದು. ಅವರ ಮನೆತನದ ಸುಬ್ಬರಾಮ ದೀಕ್ಷಿತರು ತಮಿಳುನಾಡಿನ ಎಟ್ಟಯಾಪುರದ ಆಸ್ಥಾನ ವಿದ್ವಾಂಸರು. ಕುಲಧನವಾಗಿ ಬಂದ ಕೃತಿಗಳನ್ನೆಲ್ಲ ಬಲ್ಲವರು. ಅತ್ತ ಮದರಾಸಿನಲ್ಲಿ ಚಿನ್ನಸ್ವಾಮಿ ಮೊದಲಿಯಾರ್ ಎಂಬ ಸರ್ಕಾರಿ ನೌಕರರು 1890ರ ದಶಕದಲ್ಲಿ ನಮ್ಮ ಸಂಗೀತವನ್ನು ಪಾಶ್ಚಾತ್ಯರ ಐದು ಗೆರೆಗಳ ಲಿಪಿಗೆ ಇಳಿಸಿ ಕಂತುಕಂತಾಗಿ ಪ್ರಕಟಿಸುವ ಸಾಹಸಕ್ಕೆ ಕೈಹಾಕಿ ಹಣವನ್ನೂ ಆರೋಗ್ಯವನ್ನೂ ಕಳೆದುಕೊಂಡಿದ್ದರು. ತಮ್ಮ ಕೆಲಸ ನಿಂತುಹೋಗುವುದು ಖಚಿತವಾದಾಗ ಅವರು ದೀಕ್ಷಿತರ ವಿದ್ಯೆಯನ್ನಾದರೂ ಅಚ್ಚು ಹಾಕಿಸಬೇಕೆಂದು ಎಟ್ಟಯಾಪುರದ ದೊರೆಯಲ್ಲಿ ಬೇಡಿಕೊಂಡರು. ದೊರೆ ಆಜ್ಞೆ ಮಾಡಿದರು; ವೃದ್ಧ ದೀಕ್ಷಿತರು ಕಟ್ಟು ಬಿಚ್ಚಿದರು. 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ತೆಲುಗು ಲಿಪಿಯಲ್ಲಿ ಹೊರಬಂದಿತು. ಎರಡು ವರ್ಷಗಳ ತರುವಾಯ ದೀಕ್ಷಿತರು ತೀರಿಕೊಂಡರು. ಇತ್ತೀಚೆಗೆ ಸಂಗೀತಪ್ರೇಮಿಗಳು ಆ ಗ್ರಂಥವನ್ನು ಇಂಗ್ಲಿಷಿಗೆ ತಂದು ಅಂತರ್ಜಾಲದಲ್ಲಿ ಧರ್ಮಾರ್ಥವಾಗಿ ಹಂಚಿದ್ದಾರೆ. ದೀಕ್ಷಿತರ ಕೃತಿಯೊಂದರ ಹಳೆಯ ಪಾಠ ಯಾವುದೆಂದು ವಿವಾದ ಬಂದಾಗ ಇಂದಿಗೂ ಮೊದಲು ತೆರೆಯುವ ಪುಸ್ತಕ ಅದೇ. ಮನೆತನದ ಗುಟ್ಟು ಬಯಲಾದದ್ದರಿಂದ ಆ ಮನೆತನದ ಕೀರ್ತಿ ಒಂದು ಗುಲಗಂಜಿಯಷ್ಟೂ ಕಡಮೆಯಾಗಲಿಲ್ಲ.

“ಪುಸ್ತಕ ನೋಡಿ ಹಾಡಿದರೆ ಸಂಗೀತವಾದೀತೆ?” ಎಂದು ವಿದ್ವಾಂಸರು ಕೇಳುತ್ತಾರೆ. ಆಗುವುದಿಲ್ಲ, ನಿಜ. ಗಮಕವೇ ಪ್ರಾಣವಾದ ನಮ್ಮ ಸಂಗೀತದಲ್ಲಿ ಸರಿಗಮ ಎಂಬ ಅಕ್ಷರ ಬರಿಯ ಎಲುಬು. ಈ ಕೊರತೆಯನ್ನು ಅರಿತೇ ಸುಬ್ಬರಾಮ ದೀಕ್ಷಿತರು ಗಮಕಗಳಿಗೆ ಬೇರೆ ಬೇರೆ ಚಿಹ್ನೆಗಳನ್ನು ಕಲ್ಪಿಸಿದರು. ಗುರುವಿಗೆ ಪುಸ್ತಕ ಬದಲಿಯಲ್ಲ. ಆದರೆ ಗುರು ಹೋದ ಮೇಲೆ ಸಾಕ್ಷಿಯಾಗಿ ನಿಲ್ಲಲು ಅದಲ್ಲದೆ ಬೇರೆ ಯಾರಿದ್ದಾರೆ? ಮೈಸೂರು ವಾಸುದೇವಾಚಾರ್ಯರು ತಮ್ಮ ಕೀರ್ತನೆಗಳನ್ನು ಬದುಕಿರುವಾಗಲೇ ಸ್ವರದೊಡನೆ ಅಚ್ಚು ಹಾಕಿಸಿದರು. ಗುರುಮುಖದ ಪಾಠವನ್ನೇ ನಂಬಿ ಬೆಳೆದ ಆಚಾರ್ಯರಿಗೆ ಇದರಲ್ಲಿ ವಿರೋಧವೇನೂ ಕಾಣಲಿಲ್ಲ. ಅವರು 1961ರಲ್ಲಿ ತೀರಿಕೊಂಡರು; ಆದ್ದರಿಂದ ಹಾಗೆ ಅಚ್ಚಾದ ಕೃತಿಗಳು 2022ರಿಂದ ಸರ್ವರ ಸ್ವತ್ತು.

ಮತ್ತೆ ಟ್ರಂಕಿನ ವಿಷಯಕ್ಕೆ ಬರುತ್ತೇನೆ. ರದ್ದಿಯವನು ಬರಿಗೈಯಲ್ಲಿ ಹಿಂದಿರುಗಿದ. ಕೆಂಪು ಮಸಿಯ ಅಪ್ಪಣೆಯನ್ನು ಮೀರುವುದು ಹೇಗೆಂದು ಮನೆಯವರು ಹಲವು ದಿನ ಯೋಚಿಸಿದರು. ಕೊನೆಗೆ ಮೂಲವನ್ನು ಮನೆಯಲ್ಲಿಯೇ ಇಟ್ಟುಕೊಂಡು ಪುಟಗಳ ಚಿತ್ರ ತೆಗೆಸುವುದೆಂದೂ, ಅದರಲ್ಲಿ ಹಕ್ಕು ತೀರಿದ ಹಳೆಯ ಕೃತಿಗಳನ್ನು ಕೇಳಿದವರಿಗೆಲ್ಲ ಕೊಡುವುದೆಂದೂ ಒಪ್ಪಿದರು. ಕೊಡಬಾರದೆಂದದ್ದು ಪುಸ್ತಕವನ್ನು, ಸ್ವರವನ್ನಲ್ಲ ಎಂದು ಅವರ ಸೊಸೆ ಅರ್ಥ ಮಾಡಿದರು. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನ್ನಿಂದಾಗುತ್ತಿರಲಿಲ್ಲ.

ಪುಟ ತಿರುವುತ್ತ ಹೋದಂತೆ ತಳದ ಪುಸ್ತಕ ಕೈಗೆ ಬಂದಿತು. ಅದರ ಕೊನೆಯ ಹಾಳೆಗಳನ್ನು ಗೆದ್ದಲು ತಿಂದಿತ್ತು. ಒಂದು ವರ್ಣದ ಪಲ್ಲವಿ ಇದೆ, ಅನುಪಲ್ಲವಿ ಇದೆ, ಮುಕ್ತಾಯಿ ಸ್ವರ ಇದೆ; ಚರಣದ ಮೊದಲ ಸಾಲು ಮುಗಿಯುವಲ್ಲಿ ಮಣ್ಣು. ಕರ್ತೃವಿನ ಹೆಸರಿಲ್ಲ. ಬಲ್ಲ ಇಬ್ಬರು ವಿದ್ವಾಂಸರಿಗೆ ತೋರಿಸಿದೆ. ಈ ವರ್ಣವನ್ನು ತಾವು ಕೇಳಿಲ್ಲವೆಂದರು. ಮೇಷ್ಟ್ರು ಅದನ್ನು ಒಬ್ಬನೇ ಒಬ್ಬ ಶಿಷ್ಯನಿಗೆ ಬರೆದುಕೊಟ್ಟಿದ್ದರೂ ಇಂದು ಹೋಗಿ ಕೇಳಬಹುದಾಗಿತ್ತು.